ಪಟಾಲಂ ತಾತನ ಎಡೆ

ತಮಿಳುನಾಡಿನ ಕಂಬೈನಲ್ಲೂರಿಗೆ ಸೊಸೆಯಾಗಿ ಬಂದ ವರ್ಷ, ಹಿರಿಯರ ಹಬ್ಬದ ದಿನ ನಾನು ಬೆಚ್ಚಿದೆ. ತೀರಿಕೊಂಡವರಿಗೆಲ್ಲ ಎಲೆ ಹಾಕಿ ಎಡೆ ಇಟ್ಟ ಮಾವ, ಎರಡನೇ ಮಹಾಯುದ್ಧಕ್ಕೆ ಹೋಗಿ ಮರಳದ ತಮ್ಮ ತಾತನಿಗೆ ಮಾತ್ರ ಇಡಲಿಲ್ಲ.

"ಸತ್ತೋದ್ರು ಅಂತ ಯಾರೂ ಏಳಿಲ್ಲ ಕಣಮ್ಮಾ. ಉಯಿರೋಡ ಇರೋರ್ಗೆ ಎಡೆ ಎಂಗಿಕ್ಕದು?"

ಉಯಿರೋಡ ಎಂದರೆ ಜೀವಂತವಾಗಿ. ಬದುಕಿದ್ದರೆ ತಾತನಿಗೆ ನೂರು ದಾಟಿರಬೇಕು! ಆದರೆ ಮಾವನ ಕಣ್ಣು ತುಂಬಿತ್ತು. ತಾವು ಸಾಯುವುದರೊಳಗೆ ತಾತನಿಗೊಂದು ಎಡೆ ಇಡಬೇಕೆಂಬುದು ಅವರ ಆಸೆ.

ನಮ್ಮ ತುಮಕೂರಿನ ಕನ್ನಡವೇ ಹೆಚ್ಚುಕಡಿಮೆ ಇಲ್ಲಿಯೂ ಮನೆಮಾತು. ಹೊಸ್ತಿಲು ದಾಟಿದರೆ ತಮಿಳು. ಬಸ್ಸಿನ ಬೋರ್ಡು ಓದಲಾಗದೆ ಪೆದ್ದಿಯಾಗಿದ್ದ ನಾನು, ಈ ತಾತನನ್ನು ಹುಡುಕಿಯೇ ತೀರುತ್ತೇನೆಂದು ಹಟ ಹಿಡಿದೆ.

ಸೇಲಂನ ಲೈಬ್ರರಿಯಲ್ಲಿ ಹಳೆಯ ಜನಗಣತಿ ಪುಸ್ತಕ ತೆಗೆಸಿದೆ. ಅದರಲ್ಲಿ ತಲೆಲೆಕ್ಕವಿದೆ, ಒಂದು ತಲೆಗೂ ಹೆಸರಿಲ್ಲ. ಮಡಿದ ಸೈನಿಕರ ಪಟ್ಟಿ ಮೊಬೈಲಿನಲ್ಲೇ ಸಿಕ್ಕಿತು. ಆದರೆ ಹುಡುಕುವುದು ಯಾರನ್ನು? ಮನೆಯವರಿಗೆಲ್ಲ ಆತ ಬರೀ ಪಟಾಲಂ ತಾತ, ಅಂದರೆ ಸೈನ್ಯದ ತಾತ. ಮಾವನ ಅಪ್ಪನೂ ಬೇಗ ತೀರಿಕೊಂಡಿದ್ದರಿಂದ ನಿಜವಾದ ಹೆಸರು ಯಾರಿಗೂ ತಿಳಿದಿರಲಿಲ್ಲ.

ಒಂದು ಮಧ್ಯಾಹ್ನ ಕಡಲೆಕಾಯಿ ಬಿಡಿಸುತ್ತಾ ತವರಿನ ಅಜ್ಜಿ ನೆನಪಾದಳು. ಅಣ್ಣನಿಗಿಟ್ಟಿದ್ದು ನಮ್ಮ ತಾತನ ಹೆಸರು. ಗಂಡನ ಹೆಸರು ಹೇಳಬಾರದೆಂದು ಅಜ್ಜಿ ಮೊಮ್ಮಗನನ್ನು "ಯಜಮಾನ" ಎಂದೇ ಕರೆಯುತ್ತಿದ್ದಳು.

"ಮಾವ, ನಿಮ್ಮಜ್ಜಿ ನಿಮ್ಮನ್ನ ಹೆಸರು ಹಿಡಿದು ಕರೀತಿದ್ರಾ?"

"ಇಲ್ಲವೇ ಇಲ್ಲ. ಸಾಮಿ, ಸಾಮಿ ಅಂತಿದ್ಲು. ಏನುಕ್ಕಮ್ಮಾ?"

ಹಾಗಾದರೆ ಮಾವನಿಗಿಟ್ಟಿದ್ದೂ ಅವರ ತಾತನ ಹೆಸರೇ! ಅದನ್ನೇ ಪಟ್ಟಿಯಲ್ಲಿ ಹುಡುಕಿದೆ. ಈಗಿನ ನಮ್ಮ ಧರ್ಮಪುರಿ ಜಿಲ್ಲೆ ಆಗ ಸೇಲಂಗೇ ಸೇರಿತ್ತು. ಬಂತು: ಮಾದಪ್ಪ, ಕಂಬೈನಲ್ಲೂರು, ಸೇಲಂ ಜಿಲ್ಲೆ, ಕೆಂಪಮ್ಮನ ಗಂಡ. ತಮ್ಮಜ್ಜಿಯ ಹೆಸರು ಕೇಳಿದ್ದೇ ಮಾವ ಮೊರ ಕೆಳಗಿಟ್ಟು ಮಗುವಿನಂತೆ ಅತ್ತರು. ನಾನು ಕುಣಿಯುವುದೊಂದು ಬಾಕಿ.

ಈ ವರ್ಷ ಸಾಲಿನಲ್ಲಿ ಒಂದು ಎಲೆ ಹೆಚ್ಚಾಯಿತು, ಪಕ್ಕದಲ್ಲಿ ಹೊಸ ಪಂಚೆ.

"ಪೇರ ನೀನೇ ಏಳಮ್ಮಾ. ನೀನಲ್ವಾ ಕಂಡಿಡ್ದಿದ್ದು!" ಎಂದರು ಮಾವ.

ಮಾವನ ಹೆಸರನ್ನು ಸೊಸೆ ಹೇಳುವುದೇ? ಅತ್ತೆ ಬಾಯಿಗೆ ಸೆರಗು ಹಿಡಿದರು. ಅದೇ ಹೊತ್ತಿಗೆ ತುಮಕೂರಿನಲ್ಲಿ ಅಣ್ಣ ನಮ್ಮ ತಾತನಿಗೆ ಎಡೆ ಇಡುತ್ತಿರುತ್ತಾನೆ, ನಾನಿಲ್ಲದೆ. ಆದರೂ ಬೀದಿಗೆಲ್ಲ ಕೇಳುವಂತೆ ಕೂಗಿದೆ:

"ಮಾದಪ್ಪ ತಾತಾ, ಮನೆಗೆ ಬಂದು ಉಣ್ಣಿ!"