ಹಳದಿ ಮುದ್ದೆಯ ಯೂರೋಪು

ಯುದ್ಧದ ಕಾಲದಲ್ಲಿ ಬೆಂಗಳೂರಿನ ಕಟ್ಟಡಗಳನ್ನು ಮಿಲಿಟರಿಯವರು ಹಿಡಿದುಕೊಂಡಾಗ, ವಿಶ್ವವಿದ್ಯಾನಿಲಯದವರು ತಮ್ಮ ಯೂರೋಪ್ ಅಧ್ಯಯನ ಕೇಂದ್ರವನ್ನು ಎತ್ತಿಕೊಂಡು ಬಂದು ದೊಡ್ಡಬಳ್ಳಾಪುರದಲ್ಲಿ ಇಟ್ಟರು. ಯುದ್ಧ ಮುಗಿಯಿತು. ಮಿಲಿಟರಿಯವರು ಕಟ್ಟಡ ಬಿಟ್ಟುಕೊಟ್ಟರು. ಕೇಂದ್ರವನ್ನು ವಾಪಸು ಕರೆದೊಯ್ಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಹೀಗಾಗಿ ರೇಷ್ಮೆ ನೂಲು ಮಾರುವ ಸಾಹೇಬರೊಬ್ಬರ ಅಂಗಡಿಯ ಮಹಡಿಯಲ್ಲಿ ಯೂರೋಪು ಉಳಿದುಹೋಯಿತು. ಕೆಳಗೆ ನೂಲು ತೂಗುವ ತಕ್ಕಡಿ, ಮೇಲೆ ಆಲ್ಪ್ಸ್ ಪರ್ವತ.

ಕೇಂದ್ರವೆಂದರೆ ಏಳು ಭೂಪಟ, ಎರಡು ಬೀರು ಪುಸ್ತಕ, ಒಬ್ಬರು ಮೇಷ್ಟ್ರು, ನಾವು ಐದು ಜನ ವಿದ್ಯಾರ್ಥಿಗಳು. ಐವರಲ್ಲಿ ನಾಲ್ವರು ಓದುತ್ತಿದ್ದರು. ನಾನು ಆ ನಾಲ್ವರ ಹಾಗೆ ಮಾತಾಡುತ್ತಿದ್ದೆ. ಬೇರೆಯವರ ದನಿ ತೆಗೆಯುವುದು ನನಗೆ ಹುಟ್ಟಿನಿಂದ ಬಂದ ರೋಗ. ಒಮ್ಮೆ ಹಿತ್ತಿಲಿನಲ್ಲಿ ನಿಂತು ಸಾಹೇಬರ ದನಿಯಲ್ಲಿ ಚಹಾ ಕೇಳಿದೆ. ಅವರ ಬೀಬಿ ಒಳಗಿನಿಂದ ಕಳಿಸಿಯೇಬಿಟ್ಟರು. ಕುಡಿದೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ನಮ್ಮವ್ವನೂ ಕೊಂಚ ಯೋಚಿಸಬೇಕಾಗಿತ್ತು.

ಮೇಷ್ಟ್ರು ಮದರಾಸಿನಿಂದಾಚೆ ಕಾಲಿಟ್ಟವರಲ್ಲ. ಆದರೆ ಪ್ಯಾರಿಸ್ಸಿನಲ್ಲಿ ಯಾವ ಟ್ರಾಮು ಎಲ್ಲಿ ನಿಲ್ಲುತ್ತದೆಂದು ಹೇಳಬಲ್ಲರು. ಚಳಿದೇಶದ ಪಾಠವನ್ನು ಬೆಚ್ಚಗೆ ಬಟ್ಟೆ ಹಾಕದೆ ಕೇಳಬಾರದೆಂಬುದು ಅವರ ನಿಯಮ. ರಷ್ಯಾ ಬಂದದ್ದು ಏಪ್ರಿಲ್ ತಿಂಗಳಿಗೆ. ಕೋಟು ಹಾಕಿ, ಮಫ್ಲರು ಸುತ್ತಿ, ಕಿಟಕಿ ಮುಚ್ಚಿಕೊಂಡು, ಯಾವುದೋ ದೊಡ್ಡ ಸೈನ್ಯ ಹಿಮದಲ್ಲಿ ಸೆಟೆದು ಸತ್ತದ್ದನ್ನು ಬೆವರೊರೆಸುತ್ತ ಕಲಿತೆವು. ನಮ್ಮಲ್ಲೊಬ್ಬ ತಲೆಸುತ್ತಿ ಬಿದ್ದ. ಚಳಿಗೆ ಹಾಗಾಗುತ್ತದೆ ಎಂದರು ಮೇಷ್ಟ್ರು.

ಹೀಗಿರುವಾಗ ಯಾರಿಗೋ ನಮ್ಮ ನೆನಪಾಗಿ ಒಂದು ಕಾಗದ ಬಂತು. ಗುರುವಾರ ಅಧಿಕಾರಿಗಳು ಬರುತ್ತಾರೆ. ಯೂರೋಪನ್ನು ಕಣ್ಣಾರೆ ಕಂಡವರೊಬ್ಬರಾದರೂ ಕೇಂದ್ರದಲ್ಲಿರಬೇಕು. ಇಲ್ಲವಾದರೆ ಕೇಂದ್ರವನ್ನು ಮುಚ್ಚಿ, ಮೇಷ್ಟ್ರನ್ನು ಪರೀಕ್ಷಾ ವಿಭಾಗದಲ್ಲಿ ಉತ್ತರಪತ್ರಿಕೆಗಳ ಕಟ್ಟು ಕಟ್ಟುವ ಕೆಲಸಕ್ಕೆ ಹಾಕಲಾಗುವುದು. ಮೇಷ್ಟ್ರು ಅದನ್ನು ನಮಗೆ ಓದಿ ಹೇಳಿ ಮಡಿಸಿಟ್ಟರು. ಅವತ್ತು ಗ್ರೀಸಿನ ಪಾಠ, ಮಫ್ಲರು ಬೇಕಿರಲಿಲ್ಲ. ಆದರೂ ಸುತ್ತಿಕೊಂಡರು.

ನನಗೆ ತಟ್ಟನೆ ಹೊಳೆದದ್ದು ಕುಂದಾಣದ ನಮ್ಮ ಮಾವ. ದೂರದ ಸಂಬಂಧ. ಸೇತುವೆ ಕಟ್ಟುವ ಪಲ್ಟನ್ನಿಗೆ ಸೇರಿ ಇಟಲಿಗೆ ಹೋಗಿ ಬಂದಿದ್ದ. ನಾನು ಹೋದಾಗ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ. ವಿಷಯ ಕೇಳಿ, ಅಲ್ಲಿಗೆ ಹೋಗಿಬಂದದ್ದಕ್ಕೂ ಈ ದೇಶದಲ್ಲಿ ಒಂದು ಕೆಲಸವಿದೆಯೇ ಎಂದು ನಕ್ಕು, ಮಿಲಿಟರಿ ಬೂಟು ಹಾಕಿಕೊಂಡು ಹೊರಟ.

ಬುಧವಾರ ಸಂಜೆ ಮೇಷ್ಟ್ರು ಅವನನ್ನು ಕೂರಿಸಿಕೊಂಡು, ಫ್ಲಾರೆನ್ಸಿನ ದೊಡ್ಡ ಗುಮ್ಮಟ ಹೇಗಿತ್ತೆಂದು ಆಸೆಯಿಂದ ಕೇಳಿದರು.

“ಇತ್ತೇನೋ ಸ್ವಾಮಿ. ತಲೆ ಎತ್ತಿದ್ರೆ ಗುಂಡು ಹೊಡೀತಿದ್ರು.”

ಅವನು ಕಂಡ ಯೂರೋಪಿನಲ್ಲಿ ಕೆಸರು, ಹೇಸರಗತ್ತೆ, ಮುರಿದ ಸೇತುವೆ ಇಷ್ಟೇ ಇದ್ದವು. ಗುಮ್ಮಟದ ಬಗ್ಗೆ ನಾಲ್ಕು ಮಾತು ಬಾಯಿಪಾಠ ಮಾಡಿಸೋಣವೆಂದು ನಾನು ಸಲಹೆ ಕೊಟ್ಟೆ. ಮೇಷ್ಟ್ರು ಬೈದು, ನಾಳೆ ನಾನು ಯಾರ ದನಿಯಲ್ಲೂ ಬಾಯಿ ಬಿಡಕೂಡದೆಂದರು.

ಗುರುವಾರ ಬಂದ ಅಧಿಕಾರಿಗಳು ಒಬ್ಬರೇ, ಲಂಡನ್ನಿನಲ್ಲಿ ಎರಡು ವರ್ಷ ಇದ್ದವರು. ಜೊತೆಯಲ್ಲಿ ಕರೆದೊಯ್ದಿದ್ದ ಅಡಿಗೆಯವನ ಸಾರು ಅನ್ನ ಬಿಟ್ಟು ಅಲ್ಲಿ ಬೇರೇನನ್ನೂ ಮುಟ್ಟಲಿಲ್ಲವೆಂದು ಕೂತ ಕೂಡಲೇ ಹೇಳಿಕೊಂಡರು. ಆಮೇಲೆ ಮಾವನ ಕಡೆ ತಿರುಗಿ, ಯೂರೋಪಿನವರು ಏನು ತಿನ್ನುತ್ತಾರೆ ಹೇಳು ಎಂದರು.

“ಮುದ್ದೆ ಸ್ವಾಮಿ,” ಎಂದ ಮಾವ.

ಅಧಿಕಾರಿಗಳು ಕನ್ನಡಕ ತೆಗೆದರು. ಮಾವ ನಿಧಾನವಾಗಿ ವಿವರಿಸಿದ. ಗುಡ್ಡದ ಮೇಲಿನ ಹಳ್ಳಿಯಲ್ಲಿ ಒಬ್ಬ ಮುದುಕಿ ಇವನ ಪಲ್ಟನ್ನಿನವರಿಗೆ ಹಾಕಿದ್ದಳು. ಹಳದಿ ಮುದ್ದೆ, ಮುಸುಕಿನ ಜೋಳದ ಹಿಟ್ಟಿನದು. ನಮ್ಮ ಹಾಗೇ ಕೋಲಿನಲ್ಲಿ ತಿರುವಿ, ಹಲಗೆಯ ಮೇಲೆ ಸುರಿದು, ದಾರದಲ್ಲಿ ಕತ್ತರಿಸುತ್ತಾರೆ.

ಸರಿಯಾಗಿ ಆ ಹೊತ್ತಿಗೆ ಸಾಹೇಬರು ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕೇಂದ್ರದ ಪರವಾಗಿ ಎರಡು ಒಳ್ಳೆಯ ಮಾತಾಡಬೇಕೆಂದು ಅವರಿಗೆ ಅನ್ನಿಸಿರಬೇಕು. ನನ್ನ ಬೆನ್ನು ತಟ್ಟಿದರು.

“ನಮ್ ಹುಡ್ಗ ಭಾರಿ ಚಾಲಾಕು ಸಾಬ್. ಯಾರ್ ಬೇಕಾದ್ರೂ ಆಗ್ಬಿಡ್ತಾನೆ. ಮೊನ್ನೆ ನಾನೇ ಆಗ್ಬಿಟ್ಟು ನಮ್ ಮನೇಲಿ ಚಾ ಕುಡಿದವ್ನೆ. ಇವ್ರನ್ನೂ ಇವ್ನೇ ಕರ್ಕೊಂಡ್ ಬಂದಿದ್ದು.”

ಅಧಿಕಾರಿಗಳು ನನ್ನನ್ನು ನೋಡಿದರು, ಮಾವನ ಬೂಟು ನೋಡಿದರು. ನಗು ಬಂತು ಅವರಿಗೆ. ಇದೆಲ್ಲ ನಾನು ಕಟ್ಟಿದ ವೇಷವೆಂದು ತೀರ್ಮಾನವಾಗಿಹೋಯಿತು. ನನ್ನ ಜೀವಮಾನದಲ್ಲಿ ನಾನು ಸುಮ್ಮನಿದ್ದದ್ದು ಅದೊಂದೇ ದಿನ, ಅವತ್ತೇ ಸಿಕ್ಕಿಬಿದ್ದೆ. ಅಲ್ಲವೆಂದು ನನ್ನದೇ ದನಿಯಲ್ಲಿ ಹೇಳಿದೆ. ಅದಂತೂ ಯಾರಿಗೂ ಗುರುತಿಲ್ಲದ ದನಿ, ನಂಬುವವರಾರು.

ಅಧಿಕಾರಿಗಳು ಕೆಟ್ಟವರಲ್ಲ. ಮೇಷ್ಟ್ರ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: “ನಿಮ್ಮ ವಿದ್ಯೆ ನನಗೆ ಗೊತ್ತು. ಈ ಮನುಷ್ಯ ಸುಳ್ಳು ಅಂತ ಒಂದು ಸಾಲು ಬರೆದು ಕೊಡಿ. ಕೇಂದ್ರ ಉಳಿಸಿಕೊಡ್ತೀನಿ. ಲಂಡನ್ ನೋಡಿದವರೊಬ್ಬರನ್ನ ಕಳಿಸ್ತೀನಿ.”

ಮೇಷ್ಟ್ರು ಪೆನ್ನು ತೆಗೆದರು. ನನಗೆ ಮಾವನ ಮುಖ ನೋಡಲಾಗಲಿಲ್ಲ. ಒಂದೇ ಒಂದು ಸಾಲು. ಬರೆದರೆ ಏಳು ಭೂಪಟವೂ ಗೋಡೆಯ ಮೇಲೇ ಇರುತ್ತಿದ್ದವು. ಅವರು ಪೆನ್ನು ಹಿಡಿದೇ ಮಾವನ ಕಡೆ ತಿರುಗಿದರು.

“ಕತ್ತರಿಸಿದ ಮೇಲೆ ಹೇಗೆ ತಿಂತಾರಪ್ಪ? ನುಂಗ್ತಾರೋ, ಅಗೀತಾರೋ?”

“ಅಗೀತಾರೆ ಸ್ವಾಮಿ,” ಎಂದ ಮಾವ, ಬಹಳ ಬೇಸರದಿಂದ. “ಪಾಪ, ಅದೊಂದು ಅವ್ರಿಗೆ ಗೊತ್ತಿಲ್ಲ.”

ಮೇಷ್ಟ್ರು ಬರೆದುಕೊಂಡರು, ತಮ್ಮ ಟಿಪ್ಪಣಿ ಪುಸ್ತಕದಲ್ಲಿ. ಆಮೇಲೆ ದಾರ ಎಷ್ಟು ದಪ್ಪವೆಂದು ಕೇಳಿದರು. ಹಲಗೆ ಯಾವ ಮರದ್ದು, ಮುದುಕಿಗೆ ಹಲ್ಲಿದ್ದವೇ. ಅಧಿಕಾರಿಗಳು ಎರಡು ಸಲ ಕೆಮ್ಮಿದರು. ಮೇಷ್ಟ್ರು ತಲೆ ಎತ್ತದೆ, ಸ್ವಲ್ಪ ಇರಿ ಸ್ವಾಮಿ ಅಂದರು. ಎರಡು ಬೀರು ಪುಸ್ತಕದಲ್ಲಿ ಆ ದಾರದ ಸಂಗತಿ ಎಲ್ಲೂ ಇರಲಿಲ್ಲವಂತೆ. ಅಧಿಕಾರಿಗಳು ಚಹಾ ಮುಟ್ಟದೆ ಇಳಿದುಹೋದರು.

ತಿಂಗಳೊಳಗೆ ಆರ್ಡರು ಬಂತು. ಕೇಂದ್ರಕ್ಕೆ ಯೂರೋಪಿನ ಬಗ್ಗೆ ತಪ್ಪು ತಿಳಿವಳಿಕೆ ಇರುವುದರಿಂದ ಮುಚ್ಚತಕ್ಕದ್ದು.

ಕೊನೆಯ ದಿನ ಮೇಷ್ಟ್ರು ಮುಸುಕಿನ ಜೋಳದ ಹಿಟ್ಟು ತರಿಸಿದರು. ಮಹಡಿಯಲ್ಲೇ ಇದ್ದಿಲೊಲೆ ಹೂಡಿ, ಮಾವ ಕೋಲು ಹಿಡಿದು ತಿರುವಿದ. ಇಟಲಿಯ ಗುಡ್ಡದಲ್ಲಿ ಚಳಿ ಹೆಚ್ಚೆಂದು ನಾವೆಲ್ಲ ಕೋಟು ಹಾಕಿಕೊಂಡು ಸುತ್ತ ಕೂತೆವು. ಸಾಹೇಬರು ತಮ್ಮಿಂದಲೇ ಎಲ್ಲ ಕೆಟ್ಟಿತೆಂದು ಕಣ್ಣೊರೆಸಿಕೊಳ್ಳುತ್ತ, ಅಂಗಡಿಯ ರೇಷ್ಮೆ ಎಳೆಯನ್ನು ಹುರಿ ಮಾಡಿ ಕೊಟ್ಟರು. ಚೆನ್ನಾಗಿ ಕತ್ತರಿಸಿತು. ಮೇಷ್ಟ್ರು ಒಂದು ತುಂಡು ಬಾಯಿಗಿಟ್ಟುಕೊಂಡು, ಶಾಸ್ತ್ರೋಕ್ತವಾಗಿ ಅಗಿಯತೊಡಗಿದರು.

ಅಷ್ಟರಲ್ಲಿ ಕೆಳಗಿನಿಂದ ಗಾಡಿಯವನು ಭೂಪಟಗಳನ್ನು ಇಳಿಸಿರೆಂದು ಕೂಗಿದ. ಮೇಷ್ಟ್ರ ಬಾಯಿ ತುಂಬಿತ್ತು. ನನ್ನ ಕಡೆ ನೋಡಿದರು. ನಾನು ಕಿಟಕಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಥೇಟು ಅವರ ದನಿಯಲ್ಲೇ ಹೇಳಿದೆ:

“ಇರಪ್ಪಾ, ಪಾಠ ನಡೀತಾ ಇದೆ.”