ಆಯಮ್ಮ ನುಡಿದ ಸಾಕ್ಷಿ

ಮಕ್ಕಳನ್ನು ಆಡಿಸುವುದರಲ್ಲಿ ಆಯಮ್ಮನದು ಪಳಗಿದ ಕೈ. ರಚ್ಚೆ ಹಿಡಿದ ಕೂಸನ್ನು ಎಡತೋಳಿನ ಮೇಲೆ ಬೋರಲು ಹಾಕಿಕೊಂಡು ಬೆನ್ನು ಸವರಿದರೆ ಸಾಕು, ತೇಗಿ ಸುಮ್ಮನಾಗುತ್ತಿತ್ತು. ಬಂಗಲೆಯ ಅಮ್ಮಾವ್ರ ಒಬ್ಬನೇ ಮಗ ಬೆಳೆದದ್ದು ಆ ತೋಳಿನ ಮೇಲೆಯೇ. ಅವನನ್ನು ಆಕೆ ಪುಟ್ಟಪ್ಪ ಎಂದು ಕರೆಯುತ್ತಿದ್ದಳು.

ಪುಟ್ಟಪ್ಪ ನಡೆಯಲು ಕಲಿತ ವರ್ಷ ಆಕೆಗೂ ಒಬ್ಬ ಮಗ ಹುಟ್ಟಿದ. ಗಂಡ ಅಷ್ಟರಲ್ಲಿ ತೀರಿಕೊಂಡಿದ್ದ. ಕೂಸು ಏಳುವ ಮೊದಲೇ ಹೊರಟು, ಅದು ಮಲಗಿದ ಮೇಲೆ ಮರಳುವ ಕೆಲಸ. ಮಗನನ್ನು ಪಕ್ಕದ ಕೋಣೆಯ ಮುದುಕಿಯ ಬಳಿ ಬಿಡುತ್ತಿದ್ದಳು. ಹಳೆ ಬಟ್ಟೆ ಹರಿದು ಗ್ಯಾರೇಜುಗಳಿಗೆ ಒರೆಸುವ ಅರಿವೆ ಮಾರುತ್ತಿದ್ದ ಆ ಮುದುಕಿಯ ನಾಲಿಗೆಯೂ ಸ್ವಲ್ಪ ಹರಿತವೇ.

"ನಿನ್ನ ಮಗ ಜ್ವರ ಬರ್ಸ್ಕೊಳ್ಳೋಕೂ ನಿನ್ನ ರಜಾ ನೋಡ್ಕೋಬೇಕಲ್ಲೇ," ಎಂದು ಆಡಿಕೊಳ್ಳುತ್ತಿದ್ದಳಂತೆ. ಆಯಮ್ಮ ನಕ್ಕು ಹೊರಟುಬಿಡುತ್ತಿದ್ದಳು. ದುಡಿಯದೆ ಇದ್ದರೆ ಹೊಟ್ಟೆ ಕೇಳೀತೆ?

ಇಬ್ಬರೂ ಬೆಳೆದರು. ಆಯಮ್ಮನ ಮಗನಿಗೆ ಬಂಗಲೆಯಲ್ಲೇ ಡ್ರೈವರ್ ಕೆಲಸ ಸಿಕ್ಕಿತು. ಪುಟ್ಟಪ್ಪ ಹೇಳಿದಲ್ಲಿಗೆ ಕಾರು ಓಡಿಸುವುದು, ಹೇಳಿದ್ದನ್ನು ಮಾಡುವುದು. ಹಾಗೆ ಇಬ್ಬರೂ ಹೋಗಿದ್ದ ಒಂದು ದಿನ ಪುಟ್ಟಪ್ಪನ ವ್ಯಾಪಾರದ ಪಾಲುದಾರನೂ ಅವನ ಹೆಂಡತಿಯೂ ಕೊಲೆಯಾದರು. ಚಾಕು ಹಿಡಿದವನು ಅವನೇ ಎಂದು ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸಿದರು. ಇಬ್ಬರೂ ಕೂಡಿಯೇ ಕೊಂದರೆಂದು ಕೋರ್ಟು ತೀರ್ಮಾನಿಸಿತು.

ಮಗ ತಪ್ಪು ಮಾಡಿಲ್ಲ ಎಂದು ಆಯಮ್ಮ ಒಮ್ಮೆಯೂ ಹೇಳಲಿಲ್ಲ. ಸತ್ತ ಆ ಗಂಡಹೆಂಡಿರಿಗಾಗಿ ದೇವರನ್ನು ಬೇಡಿಕೊಂಡೇ ಮಾತು ಶುರುಮಾಡುತ್ತಾಳೆ. ಅವಳ ಆಸೆ ಒಂದೇ: ಜೈಲಿನಲ್ಲಾದರೂ ಸರಿ, ಮಗ ಉಸಿರಾಡಿಕೊಂಡಿರಲಿ.

ಗಲ್ಲೋ ಜೀವಾವಧಿಯೋ ಎಂಬುದಕ್ಕೆ ಕೋರ್ಟು ಬೇರೆ ದಿನ ಇಟ್ಟಿತು. ಅಪರಾಧಿಯ ಪರವಾಗಿ ಹೇಳುವುದಿದ್ದರೆ ಆಗ ಹೇಳಬಹುದು. ಪುಟ್ಟಪ್ಪನಿಗೆ ಹೆಸರಾಂತ ವಕೀಲರು, ಅವರ ಕೈಕೆಳಗೆ ಹಲವರು. ಅವರಲ್ಲೊಬ್ಬಳು ದಿನವೂ ಬಂಗಲೆಯ ಅಡುಗೆಮನೆಗೆ ಬಂದು ಆಯಮ್ಮನ ಪಕ್ಕದಲ್ಲಿ ಕೂತು, ಪುಟ್ಟಪ್ಪ ಯಾವುದಕ್ಕೆ ಹೆದರುತ್ತಿದ್ದ, ಯಾವುದಕ್ಕೆ ಅಳುತ್ತಿದ್ದ ಎಂದೆಲ್ಲ ಕೇಳಿ ತಿಳಿದುಕೊಂಡಳು. ಡ್ರೈವರ್‌ಗೆ ಇದ್ದದ್ದು ಕೋರ್ಟೇ ನೇಮಿಸಿಕೊಟ್ಟ ವಕೀಲರು. ಆಯಮ್ಮ ಅವರನ್ನು ಕಂಡದ್ದು ಕೋರ್ಟಿನ ಮೆಟ್ಟಿಲ ಮೇಲೆ, ಅವರು ಬೇರೆ ಕೇಸಿಗೆ ಓಡುತ್ತಿದ್ದಾಗ.

"ನೀನು ಬಂದು ಹೇಳ್ತೀಯಲ್ವಾ?" ಎಂದು ಅಮ್ಮಾವ್ರು ಕೇಳಿದರು. "ಅವನು ನನಗಿಂತ ನಿನಗೇ ಚೆನ್ನಾಗಿ ಗೊತ್ತು."

ಆಯಮ್ಮ ಒಪ್ಪಿದಳು. ಉಪ್ಪು ತಿಂದ ಮನೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಆಕೆ ಆಗ ಬಾಯಿಬಿಟ್ಟು ಹೇಳಿರಲಿಲ್ಲ. ಪುಟ್ಟಪ್ಪನಿಗೆ ಬಿಗಿಯಾದ ಅಂಗಿ, ಶೂ, ಸ್ವೆಟರ್ ಎಲ್ಲ ಮರುವರ್ಷ ತನ್ನ ಮಗನ ಮೈಮೇಲೆ ಇರುತ್ತಿದ್ದವು. ಕೋರ್ಟಿನ ಕರುಣೆಯೂ ಹಾಗೆಯೇ ದಾಟಿ ಬಂದೀತು ಎಂದುಕೊಂಡಳು. ಮಾಡಿದ್ದು ಒಂದೇ ತಪ್ಪು, ನಿಂತಿದ್ದು ಒಂದೇ ಕಟಕಟೆ. ಒಬ್ಬನಿಗೆ ಜೀವ ಉಳಿಸಿದವರು ಇನ್ನೊಬ್ಬನದನ್ನು ತೆಗೆದಾರೆಯೆ?

ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದ ಆಕೆ ಒಂದೂ ಸುಳ್ಳಾಡಲಿಲ್ಲ. ಕಾಲು ಮುರಿದ ನಾಯಿಮರಿಯನ್ನು ಪುಟ್ಟಪ್ಪ ಹೊದಿಕೆಯೊಳಗೆ ಬಚ್ಚಿಟ್ಟದ್ದು, ಗುಡುಗಿದರೆ ಅವಳ ಮಡಿಲಿಗೆ ತಲೆ ತೂರಿಸುತ್ತಿದ್ದದ್ದು, ಅಪ್ಪಅಮ್ಮ ಪ್ರವಾಸ ಹೋದಾಗಲೆಲ್ಲ ಊಟ ಬಿಡುತ್ತಿದ್ದದ್ದು. ಪುಟ್ಟಪ್ಪ ಬಿಕ್ಕಿ ಬಿಕ್ಕಿ ಅತ್ತ. ಪಕ್ಕದಲ್ಲಿ ನಿಂತಿದ್ದ ಮಗ ಅಮ್ಮನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಯಾರದೋ ಕತೆ ಕೇಳುವವನ ಹಾಗೆ ಇದ್ದ ಎನ್ನುತ್ತಾಳೆ ಆಯಮ್ಮ.

ಜಡ್ಜರು ಡ್ರೈವರ್‌ನ ವಕೀಲರತ್ತ ನೋಡಿದರು. ಅವರು ಅರ್ಧ ಎದ್ದು, ಕೇಳುವುದೇನೂ ಇಲ್ಲವೆಂದು ಕೂತುಬಿಟ್ಟರು. ತನ್ನ ಮಗನ ಬಗ್ಗೆಯೂ ಯಾರಾದರೂ ಕೇಳಿಯಾರೆಂದು ಆಯಮ್ಮ ಇನ್ನೂ ನಿಂತೇ ಇದ್ದಳು. ಕೊನೆಗೆ ಪೇದೆ ಬಂದು ಇಳಿಯಮ್ಮಾ ಎಂದ.

ಪುಟ್ಟಪ್ಪನಿಗೆ ಜೀವಾವಧಿಯಾಯಿತು. ಮೃದು ಮನಸ್ಸಿನವನು ದಾರಿ ತಪ್ಪಿದ್ದಾನೆ, ತಿದ್ದಿಕೊಳ್ಳಬಲ್ಲ ಎಂದು ತೀರ್ಪು ಹೇಳಿತು. ನಾಯಿಮರಿಯ ಮಾತೂ ಅದರಲ್ಲಿತ್ತು. ಡ್ರೈವರ್‌ಗೆ ಗಲ್ಲು. ಅವನ ಪರವಾಗಿ ಪರಿಗಣಿಸುವಂಥದ್ದು ಯಾವುದೂ ಕೋರ್ಟಿನ ಮುಂದೆ ಬಂದಿಲ್ಲವಂತೆ. ಅಮ್ಮಾವ್ರು ಆಯಮ್ಮನ ಎರಡೂ ಕೈ ಹಿಡಿದುಕೊಂಡು, ಇನ್ನು ಕೆಲಸಕ್ಕೆ ಬರಬೇಡ, ನಿನ್ನ ಮುಖ ನೋಡುವುದು ನನ್ನಿಂದ ಆಗದು ಎಂದರು.

ಮೇಲಿನ ಕೋರ್ಟಿನಲ್ಲಿ ಡ್ರೈವರ್‌ನ ಪರ ವಾದಿಸಲು ಬೇರೊಬ್ಬ ವಕೀಲೆ ತಾನಾಗಿ ಮುಂದೆ ಬಂದಳು. ಅವಳ ಮೊದಲ ಪ್ರಶ್ನೆಯೇ ಅದು: "ಅಮ್ಮಾ, ನಿಮ್ಮ ಮಗ ಚಿಕ್ಕವನಿದ್ದಾಗ ಹೇಗಿದ್ದ?"

ಆಯಮ್ಮ ಬಾಯಿ ತೆರೆದಳು. ನಾಲಿಗೆಯ ತುದಿಗೆ ಬಂದದ್ದೆಲ್ಲ ಪುಟ್ಟಪ್ಪನದೇ. ತನ್ನ ಮಗನದೆಂದು ಕಣ್ಣ ಮುಂದೆ ಬಂದದ್ದು ನಿದ್ದೆ ಹೋದ ಒಂದು ಮುಖ, ಅಷ್ಟೆ. ಎಲ್ಲವನ್ನೂ ಕಂಡಿದ್ದ ಮುದುಕಿ ಎಂದೋ ಸತ್ತಿದ್ದಳು.

ಮುಂದಿನ ಭೇಟಿಯಲ್ಲಿ ಜೈಲಿನ ಜಾಲರಿಗೆ ಬಾಯಿಟ್ಟು ಮಗನನ್ನೇ ಕೇಳಿದಳು.

"ನನ್ನನ್ನ ಕೇಳಿದ್ರೆ ಹೇಗಮ್ಮಾ? ಅದು ಅಮ್ಮಂದಿರು ಹೇಳೋದಲ್ವಾ," ಎಂದು ಅವನು ನಕ್ಕ.

ಆಕೆ ಜಾಲರಿ ಬಿಡಲಿಲ್ಲ. ಆಮೇಲೆ ಅವನು ಮೆಲ್ಲಗೆ ಹೇಳತೊಡಗಿದ. ಹರಿಯಬೇಕಾದ ಬಟ್ಟೆಗಳಿಂದ ಗುಂಡಿ ಕಿತ್ತುಕೊಡುವುದು ತನ್ನ ಕೆಲಸವಾಗಿತ್ತು. ಚಂದದ ಗುಂಡಿಗಳನ್ನು ಪಕ್ಕದ ಕೋಣೆಯ ಅಜ್ಜಿಗೆ ಕೊಡದೆ ಅಮ್ಮನಿಗೆಂದು ಮುಷ್ಟಿಯಲ್ಲಿ ಇಟ್ಟುಕೊಂಡು ಎದ್ದಿರಲು ನೋಡುತ್ತಿದ್ದ, ನಿದ್ದೆ ಬಂದುಬಿಡುತ್ತಿತ್ತು.

ಆಯಮ್ಮ ಅದನ್ನು ಹಾಗೆಯೇ ವಕೀಲೆಗೆ ಒಪ್ಪಿಸಿದಳು. ಕಂಡವರು ಬೇರೆ ಯಾರಾದರೂ ಇದ್ದಾರೆಯೇ ಎಂದು ವಕೀಲೆ ಕೇಳಿದಳು. ಇರಲಿಲ್ಲ. ಮೇಲಿನ ಕೋರ್ಟು ಗಲ್ಲನ್ನೇ ಎತ್ತಿಹಿಡಿಯಿತು. ಈಗ ಕ್ಷಮಾದಾನದ ಅರ್ಜಿಯೊಂದು ಉಳಿದಿದೆ. ಆಯಮ್ಮ ಪ್ರತಿ ಭೇಟಿಗೂ ಹೋಗಿ ಮಗನ ಬಾಲ್ಯವನ್ನು ಮಗನಿಂದಲೇ ಕೇಳಿ, ಬಸ್ಸಿನಲ್ಲಿ ತುಟಿಯೊಳಗೇ ಬಾಯಿಪಾಠ ಮಾಡಿಕೊಂಡು ಬರುತ್ತಾಳೆ.