ಅಧ್ಯಕ್ಷರ ಮೂಲಕ

ಟಾರ್ಬೆಲ್ ಊರಿನಲ್ಲಿ ಲೊರಿಂಡಾ ಪೀಸ್ಲಿಗೆ ಹೆದರದವರು ಯಾರೂ ಇರಲಿಲ್ಲ. ಆದರೆ ಅದು ಮಾರ್ಚ್ ತಿಂಗಳ ಮೊದಲ ಮಂಗಳವಾರದ ಮಟ್ಟಿಗೆ ಮಾತ್ರ. ವರ್ಷದ ಮಿಕ್ಕ ದಿನಗಳಲ್ಲಿ ಆಕೆ ಎಲ್ಲರಿಗೂ ಬೇಕಾದ ಹೆಂಗಸು. ಅಮೆರಿಕದ ವರ್ಮಾಂಟ್ ರಾಜ್ಯದ ಈ ಬೆಟ್ಟದ ಹಾದಿಗಳಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರಿದೇ ಬೊಗಳುತ್ತದೆ, ಯಾವ ತಾಯಿಗೆ ಮಗಳ ಕಾಗದ ಬರುವುದು ನಿಂತುಹೋಗಿದೆ, ಎಲ್ಲ ಗೊತ್ತಿತ್ತು. ಒಂದನ್ನೂ ಇನ್ನೊಬ್ಬರ ಮುಂದೆ ಆಡಿದವಳಲ್ಲ.

ಈ ಒಂದು ಗುಣಕ್ಕೇ ಊರವರು ಹತ್ತೊಂಬತ್ತು ವರ್ಷದ ಹಿಂದೆ ಆಕೆಯನ್ನು ಊರಸಭೆಯ ಅಧ್ಯಕ್ಷೆಯಾಗಿ ಆರಿಸಿದರು. ಅಂದಿನಿಂದ ಪ್ರತಿ ವರ್ಷ ಆ ಮಂಗಳವಾರ ಶಾಲೆಯ ಆಟದ ಕೋಣೆಯಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮರದ ಸುತ್ತಿಗೆ ಹಿಡಿದು ನಿಲ್ಲುವವಳು ಆಕೆಯೇ. ಊರವರು ಮಡಚುವ ಕುರ್ಚಿಗಳಲ್ಲಿ ಕೂತು, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನಿಂದ ಹಿಡಿದು ಬೆಂಕಿ ಆರಿಸುವ ಗಾಡಿಯವರೆಗೆ ಎಲ್ಲವನ್ನೂ ವಾದಿಸಿ, ಕೊನೆಗೆ ‘ಹೌದು’ ‘ಇಲ್ಲ’ ಎಂದು ಕೂಗಿ ತೀರ್ಮಾನಿಸುತ್ತಾರೆ. ಯಾವ ಕೂಗು ದೊಡ್ಡದು ಎಂದು ಹೇಳುವ ಕೆಲಸ ಲೊರಿಂಡಾಳ ಕಿವಿಯದು.

ಅಲ್ಲಿ ಕಟ್ಟುನಿಟ್ಟಿನ ಒಂದು ಪದ್ಧತಿಯಿದೆ. ಯಾರೂ ಯಾರೊಡನೆಯೂ ನೇರವಾಗಿ ಮಾತಾಡುವಂತಿಲ್ಲ; ಏನಿದ್ದರೂ ಅಧ್ಯಕ್ಷರ ಮೂಲಕ. “ನಿನಗೇನು ತಲೆ ಕೆಟ್ಟಿದೆಯಾ” ಎಂದು ಪಕ್ಕದವನಿಗೆ ಕೇಳಬೇಕೆನಿಸಿದರೆ ಎದ್ದು ನಿಂತು, “ಅಧ್ಯಕ್ಷರೇ, ಹಿಂದಿನ ಸಾಲಿನ ಮಹನೀಯರು ಯೋಚನೆ ಮಾಡಿ ಮಾತಾಡುತ್ತಿದ್ದಾರೆಯೇ ಎಂದು ತಿಳಿಯಬಯಸುತ್ತೇನೆ” ಎನ್ನಬೇಕು. ಅಷ್ಟು ಉದ್ದ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ದೇಶಕ್ಕೆ ದೇಶವೇ ಫೋನು ಹಿಡಿದು ಕಂಡವರ ಮೇಲೆಲ್ಲ ಕೆಸರೆರಚುತ್ತಿರುವ ಈ ಕಾಲದಲ್ಲಿ, ಟಾರ್ಬೆಲ್‌ನ ಜನ ವರ್ಷಕ್ಕೊಂದು ದಿನವಾದರೂ ಮನುಷ್ಯರಂತೆ ಜಗಳವಾಡುತ್ತಿದ್ದರು. ಅದರ ಬಗ್ಗೆ ಲೊರಿಂಡಾಳಿಗೆ ಒಳಗೊಳಗೇ ಹೆಮ್ಮೆ.

ಆದರೆ ಆಕೆ ಆ ದಿನಕ್ಕಾಗಿ ಕಾಯುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಅವಳ ತಮ್ಮ ಓರಿನ್ ಪೀಸ್ಲಿ.

ಓರಿನ್ ಅಕ್ಕನಿಗಿಂತ ಮೂರು ವರ್ಷ ಚಿಕ್ಕವನು, ಅರವತ್ತೊಂಬತ್ತು. ಎರಡು ಮೈಲಿ ಆಚೆ ಮೇಪಲ್ ಮರಗಳ ರಸ ಇಳಿಸಿ ಪಾಕ ಕಾಯಿಸುತ್ತಾನೆ. ನಾಲ್ಕು ವರ್ಷದಿಂದ ಅಕ್ಕತಮ್ಮಂದಿರ ನಡುವೆ ಮಾತಿಲ್ಲ. ಚುನಾವಣೆಯ ವರ್ಷ ಅವನ ಅಂಗಳದಲ್ಲಿ ಒಬ್ಬರ ಹೆಸರಿನ ಫಲಕ, ಇವಳ ಅಂಗಳದಲ್ಲಿ ಇನ್ನೊಬ್ಬರದು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವನು ಫೇಸ್‌ಬುಕ್ಕಿನಲ್ಲಿ ಇವಳ ಪಕ್ಷದವರನ್ನೆಲ್ಲ ದೇಶದ್ರೋಹಿಗಳೆಂದು ಬರೆದ. ಇವಳು ಅದರ ಕೆಳಗೆ, ಊರೆಲ್ಲ ಓದುವಂತೆ, “ಅಮ್ಮ ಬದುಕಿದ್ದರೆ ನಿನ್ನನ್ನು ನೋಡಿ ನಾಚಿಕೆಪಡುತ್ತಿದ್ದಳು” ಎಂದು ಬರೆದಳು. ಅಮ್ಮನ ಕೊನೆಯ ಎರಡು ವರ್ಷ ಅವಳಿಗೆ ಸ್ನಾನ ಮಾಡಿಸಿ, ಚಮಚದಲ್ಲಿ ಗಂಜಿ ತಿನ್ನಿಸಿದವನು ಓರಿನ್. ಬರೆದ ಮರುಕ್ಷಣವೇ ಲೊರಿಂಡಾ ಅದನ್ನು ಅಳಿಸಿಬಿಟ್ಟಳು. ಅಷ್ಟರಲ್ಲಿ ಅವನು ಓದಿಯಾಗಿತ್ತು.

ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಅವನು ಬಂದ, ಟರ್ಕಿ ಕೋಳಿ ಮುಗಿಸಿದ, ಕೊನೆಯ ಸಿಹಿಯಾದ ಕುಂಬಳಕಾಯಿ ಪೈ ಮುಟ್ಟದೆ ಎದ್ದು ಹೋದ. ಅಲ್ಲಿಗೆ ಮಾತು ನಿಂತಿತು.

ನಿಂತದ್ದು ಊರಸಭೆಯ ಹೊರಗೆ ಮಾತ್ರ. ಮಾರ್ಚ್ ಬಂದಾಗ ಓರಿನ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ಅಧ್ಯಕ್ಷರೇ” ಅಂದ. ಅನ್ನಲೇಬೇಕಲ್ಲ! ಅದುವರೆಗೆ ಸಭೆಯಲ್ಲಿ ಬಾಯಿಯನ್ನೇ ತೆರೆಯದಿದ್ದವನು ಆಮೇಲೆ ಪ್ರತಿ ವರ್ಷ ಏನಾದರೊಂದು ಕ್ಷುಲ್ಲಕ ವಿಷಯ ಹಿಡಿದು ನಾಲ್ಕೈದು ಸಲ ಏಳತೊಡಗಿದ. ಒಂದು ವರ್ಷ ಸ್ಮಶಾನದ ಬೇಲಿಗೆ ಯಾವ ಬಣ್ಣ ಎಂದು ಹತ್ತು ನಿಮಿಷ ಕೊರೆದಿದ್ದ. ಜನ ಬೇಸರದಿಂದ ಆಕಳಿಸಿದರು. ಲೊರಿಂಡಾ ಮಾತ್ರ ಗಡಿಯಾರ ನೋಡಲಿಲ್ಲ.

ಈ ವರ್ಷದ ಸಭೆಯಲ್ಲಿ ಚರ್ಚೆಯಾಗುವ ಕಲಮುಗಳ ಪಟ್ಟಿಯಿದ್ದ ಕರೆಯೋಲೆ ಬಂದಾಗ ಆಕೆ ಹನ್ನೊಂದನೆಯ ಕಲಮನ್ನು ಎರಡು ಸಲ ಓದಿದಳು. ಇನ್ನು ಮುಂದೆ ಎಲ್ಲ ಮತವನ್ನೂ ಅಂಚೆಯಲ್ಲಿ ಬರುವ ಚೀಟಿಯಲ್ಲೇ ಹಾಕುವುದು. ಕೂಡಿ ಕೂತು ಕೂಗುವ ಸಭೆ ಬೇಡ. ಊರಿನ ಗುಮಾಸ್ತೆ ವಿನೋನಾ ಫೋನಿನಲ್ಲಿ ನಕ್ಕಳು. “ನೋಡಿದ್ಯೇನೇ? ಜನ್ಮವಿಡೀ ಅಂಚೆ ಹೊತ್ತೆ, ಈಗ ಅದೇ ಅಂಚೆ ನಿನ್ನ ಕುರ್ಚಿಗೆ ಕುತ್ತು ತಂತು!”

“ಕುರ್ಚಿ ಹೋದ್ರೆ ಹೋಗ್ಲಿ ಬಿಡೇ, ಹೇಗೂ ನಿಂತ್ಕೊಂಡೇ ಇರೋದು ನಾನು,” ಅಂದಳು ಲೊರಿಂಡಾ. ಫೋನಿಟ್ಟ ಮೇಲೆ ಮಾತ್ರ ಆ ಕಲಮನ್ನು ಮೂರನೆಯ ಸಲ ಓದಿದಳು. ಸಭೆ ಹೋದರೆ ತಮ್ಮನ ದನಿಯೂ ಹೋಯಿತು.

ಮಂಗಳವಾರ ಬಿಸಿಲಿತ್ತು, ಕೆಸರಿತ್ತು. ನೂರ ಮೂವತ್ತು ಜನ ಬೂಟು ಕೊಡವಿ ಒಳಬಂದರು. ಬೆಳಿಗ್ಗೆಯೆಲ್ಲ ಏಳನೆಯ ಕಲಮಿನದೇ ಗದ್ದಲ. ಸೇತುವೆಯ ಬಳಿ ಕ್ಯಾಮೆರಾ ನೆಟ್ಟು, ಹಾದುಹೋಗುವ ಪ್ರತಿ ಗಾಡಿಯ ನಂಬರು ಓದಿಸಿ, ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಕೂಡಿಡಬೇಕೋ ಬೇಡವೋ ಎಂಬುದು ಪ್ರಶ್ನೆ.

ಓರಿನ್ ಎದ್ದ. ಅವನ ಹಳೆಯ ಹಸಿರು ಟೋಪಿ ಕೈಯಲ್ಲಿತ್ತು. “ಅಧ್ಯಕ್ಷರೇ, ನಾನು ದಿನಕ್ಕೆ ಆರು ಸಲ ಆ ಸೇತುವೆ ದಾಟ್ತೀನಿ. ಬಕೆಟ್ ತರೋಕೆ ಹೋದ್ನಾ, ಹಲ್ಲು ಕೀಳಿಸ್ಕೊಳ್ಳೋಕೆ ಹೋದ್ನಾ, ಅದು ಯಾವ ಕಂಪ್ಯೂಟರಿಗೆ ಯಾಕೆ ಬೇಕು? ಬೇಕಿದ್ರೆ ವಿನೋನಾನ ಕೇಳ್ಲಿ, ಅವಳಿಗೆ ಎಲ್ಲಾ ಗೊತ್ತಿರುತ್ತೆ.”

ಸಭೆ ನಕ್ಕಿತು. ಆಡು ಸಾಕುವ ಜೂನಿಪರ್ ಎಂಬ ಹುಡುಗಿ ಎದ್ದಳು. ಮೂಗಿಗೆ ಬಳೆಯಂಥ ಉಂಗುರ, ಅಂಗಿಯ ಮೇಲೆ ಘೋಷಣೆ. ಓರಿನ್‌ನ ರಾಜಕೀಯಕ್ಕೂ ಅವಳದಕ್ಕೂ ಹಾವು ಮುಂಗುಸಿ. “ಅಧ್ಯಕ್ಷರೇ, ಹುಟ್ಟಿದಾಗಿನಿಂದ ಮೊದಲ ಸಲ ಪೀಸ್ಲಿಯವರ ಮಾತು ನನಗೆ ಸರಿ ಅನ್ನಿಸ್ತಿದೆ. ಅದನ್ನ ಬರ್ಕೊಳ್ಳಿ, ಆದ್ರೆ ನಮ್ಮಮ್ಮಂಗೆ ಹೇಳ್ಬೇಡಿ.”

“ಅಧ್ಯಕ್ಷರೇ,” ಅಂದ ಓರಿನ್ ಕೂತಲ್ಲಿಂದಲೇ, “ಆ ಮಗುವಿಗೆ ಹೇಳಿ, ನನಗೂ ಗಾಬರಿ ಆಗಿದೆ ಅಂತ.”

“ಮಾತಾಡೋರು ಎದ್ದು ನಿಲ್ಲಬೇಕು,” ಅಂದಳು ಲೊರಿಂಡಾ. ಮುಖ ಗಂಟಿಕ್ಕಿತ್ತು, ಹೊಟ್ಟೆಯೊಳಗೆ ನಗೆಯಿತ್ತು. ಕ್ಯಾಮೆರಾದ ಕಲಮು ಮತಕ್ಕೆ ಬಂದಾಗ ಬಿದ್ದುಹೋಯಿತು.

ಮಧ್ಯಾಹ್ನ ಊಟಕ್ಕೆ ಕಾಳುಗಳನ್ನು ಸಿಹಿಪಾಕದಲ್ಲಿ ಬೇಯಿಸಿದ ಮಾಮೂಲು ಅಡುಗೆ, ಹಂದಿಮಾಂಸ, ಬನ್ನು, ಹದಿನೇಳು ಬಗೆಯ ಪೈ. ಬೆಳಿಗ್ಗೆ ಕಚ್ಚಾಡಿದವರು ಒಂದೇ ಮೇಜಿನಲ್ಲಿ ಉಪ್ಪಿನ ಕುಡಿಕೆ ದಾಟಿಸಿಕೊಂಡರು. ಓರಿನ್ ಕೋಣೆಯ ಆಚೆ ತುದಿಯಲ್ಲಿ ಕೂತು ಉಂಡ. ಅಧ್ಯಕ್ಷೆಯ ಸುತ್ತಿಗೆ ಕೆಳಗಿದ್ದಷ್ಟು ಹೊತ್ತು ಅವನಿಗೆ ಅಕ್ಕ ಕಾಣಿಸುವುದಿಲ್ಲ.

ಊಟವಾದ ಮೇಲೆ ಹನ್ನೊಂದನೆಯ ಕಲಮು ಬಂತು. ಅದನ್ನು ತಂದವಳು ಮೆರಿಯಲ್ ಕೊಂಬ್ಸ್, ಆಸ್ಪತ್ರೆಯ ನರ್ಸ್. “ಅಧ್ಯಕ್ಷರೇ, ಆರು ವರ್ಷದಿಂದ ಈ ಊರಲ್ಲಿದೀನಿ. ಇವತ್ತೇ ಮೊದಲು ನಾನು ಇಲ್ಲಿ ಕೂತಿರೋದು, ಅದೂ ರಜಾ ಹಾಕಿ. ಮಂಗಳವಾರ ಹಗಲಲ್ಲಿ ಯಾರು ಬರ್ತಾರೆ? ನಿವೃತ್ತರು ಬರ್ತಾರೆ. ನಿಮ್ಮ ಅಪ್ಪಂದಿರಿಗೆ ಸೂಜಿ ಚುಚ್ಚೋ ನಾವು ಬರಕ್ಕಾಗಲ್ಲ. ನಮ್ಮ ಮಕ್ಕಳ ಶಾಲೆ ವಿಷಯ ನಾವಿಲ್ಲದೇ ತೀರ್ಮಾನ ಆಗುತ್ತೆ. ಇದು ನ್ಯಾಯವಾ?”

ಲೊರಿಂಡಾಳಿಗೆ ಗೊತ್ತಿತ್ತು, ಅದು ನ್ಯಾಯವಲ್ಲ. ಮೆರಿಯಲ್ ಹೇಳಿದ್ದು ಅಕ್ಷರಶಃ ಸರಿ. ಅದೇ ಅವಳಿಗೆ ನೋವಾದದ್ದು.

ಆಗ ಓರಿನ್ ಎದ್ದ. “ಅಧ್ಯಕ್ಷರೇ, ತಿದ್ದುಪಡಿ ಒಂದಿದೆ. ಅಂಚೆ ಗಿಂಚೆ ಬೇಡ. ಸಭೇನ ಶನಿವಾರಕ್ಕೆ ಹಾಕೋಣ. ಮಕ್ಕಳನ್ನ ನೋಡ್ಕೊಳ್ಳೋಕೆ ಪಕ್ಕದ ಕೋಣೇಲಿ ನಾನೇ ಕೂರ್ತೀನಿ ಬೇಕಾದ್ರೆ.”

ಕುರ್ಚಿಗಳು ಕಿರುಗುಟ್ಟಿದವು. ಒಳ್ಳೆಯ ಮಾತು, ಎಲ್ಲರಿಗೂ ಹಿಡಿಸಿತು. ಮೆರಿಯಲ್ ಕೂಡ ತಲೆಯಾಡಿಸಿದಳು. ಮತಕ್ಕೆ ಹಾಕಿದರೆ ಗೆಲ್ಲುವುದು ಖಂಡಿತ. ಸಭೆ ಉಳಿಯುತ್ತದೆ, ವರ್ಷಕ್ಕೊಮ್ಮೆ “ಅಧ್ಯಕ್ಷರೇ” ಉಳಿಯುತ್ತದೆ. ಲೊರಿಂಡಾ ಸುತ್ತಿಗೆಯನ್ನು ಗಟ್ಟಿಯಾಗಿ ಹಿಡಿದಳು. ಆದರೆ ದಿನ ಬದಲಿಸುವ ವಿಷಯ ಕರೆಯೋಲೆಯಲ್ಲಿ ಇರಲಿಲ್ಲ. ಕರೆಯೋಲೆಯನ್ನು ಮೂವತ್ತು ದಿನ ಮುಂಚೆ ಅಂಗಡಿ ಬಾಗಿಲಿಗೆ ಅಂಟಿಸುವುದು ಸುಮ್ಮನೆ ಅಲ್ಲ. ಅದನ್ನು ಓದಿ ಮನೆಯಲ್ಲೇ ಉಳಿದವರ ಬೆನ್ನ ಹಿಂದೆ ಹೊಸದೊಂದನ್ನು ತೀರ್ಮಾನಿಸಬಾರದು ಎಂದು. ಹತ್ತೊಂಬತ್ತು ವರ್ಷ ಎಲ್ಲರಿಗೂ ಅದನ್ನೇ ಹೇಳಿದ್ದಳು.

“ತಿದ್ದುಪಡಿ ಕ್ರಮಬದ್ಧವಲ್ಲ, ಪೀಸ್ಲಿಯವರೇ,” ಅಂದಳು. “ಕರೆಯೋಲೆಯಲ್ಲಿ ಇಲ್ಲದ್ದನ್ನ ನಾನು ಮತಕ್ಕೆ ಹಾಕಕ್ಕಾಗಲ್ಲ.”

ಓರಿನ್ ಕೂರಲಿಲ್ಲ. ಟೋಪಿಯನ್ನು ಒಂದು ಸುತ್ತು ತಿರುಗಿಸಿದ. “ಹಾಗಾದ್ರೆ ಮೂಲ ಕಲಮಿನ ಮೇಲೇ ಮಾತಾಡ್ತೀನಿ, ಅಧ್ಯಕ್ಷರೇ. ಆ ನರ್ಸಮ್ಮ ಹೇಳಿದ್ದು ಸರಿ. ಆದ್ರೆ ನನ್ನದೂ ಒಂದಿದೆ. ಈ ಊರಲ್ಲಿ ನಾನು ಮಾತಾಡ್ಬೇಕಾದವರು ಒಬ್ರಿದಾರೆ. ಹೊರಗೆ ನನಗೆ ಮಾತು ಬರಲ್ಲ, ಇಲ್ಲಿ ಮಾತ್ರ ಬರುತ್ತೆ. ಸ್ಮಶಾನದ ಬೇಲಿ ಬಣ್ಣ ಕಟ್ಕೊಂಡು ನನಗೇನಾಗ್ಬೇಕಿತ್ತು? ಚೀಟಿ ಅಂಚೇಲಿ ಬಂದ್ರೆ ನಾನೇನು ಅಂಚೆ ಡಬ್ಬಿ ಜೊತೆ ಮಾತಾಡ್ಲಾ?”

ಹಿಂದಿನಿಂದ ಯಾರೋ ಎದ್ದು, “ಅಧ್ಯಕ್ಷರೇ, ಇದು ವೈಯಕ್ತಿಕ ವಿಷಯ, ಕ್ರಮಬದ್ಧವಲ್ಲ” ಅಂದರು.

“ಕ್ರಮಬದ್ಧವೇ,” ಅಂದಳು ಲೊರಿಂಡಾ. ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. “ಎಷ್ಟೋ ವರ್ಷದಲ್ಲಿ ಇಷ್ಟು ಕ್ರಮಬದ್ಧ ಮಾತು ನಾನು ಕೇಳಿಲ್ಲ. ಕೂತ್ಕೊಳ್ಳಿ.”

ಎದ್ದು ನಿಂತು ಎಣಿಸಿಕೊಂಡರು. ಅಂಚೆಯ ಪರ ಎಪ್ಪತ್ತು, ವಿರುದ್ಧ ಐವತ್ತೊಂಬತ್ತು. ಓರಿನ್ ಯಾವ ಕಡೆ ನಿಂತನೆಂದು ನೋಡಿದಾಗ ಅವನು ಮೆರಿಯಲ್ ಪಕ್ಕದಲ್ಲಿ ನಿಂತಿದ್ದ. ನ್ಯಾಯಕ್ಕೆ ಮತ ಹಾಕಿದ್ದ, ಮೊಂಡ. ಅವಳಿಗೆ ಅಪ್ಪನ ನೆನಪಾಯಿತು.

ಕೊನೆಗೆ ಉಳಿದದ್ದು ‘ಇತರೆ ವಿಷಯಗಳು’. ಅಲ್ಲಿ ಏನು ಬೇಕಾದರೂ ಕೇಳಬಹುದು, ಆದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಓರಿನ್ ಮತ್ತೆ ಎದ್ದ. ಕಿವಿ ಕೆಂಪಾಗಿತ್ತು.

“ಅಧ್ಯಕ್ಷರೇ, ಭಾನುವಾರ ಅಧ್ಯಕ್ಷರು ಮನೇಲಿರ್ತಾರಾ ಅಂತ ತಿಳ್ಕೊಳ್ಳಬೇಕಿತ್ತು.”

ಲೊರಿಂಡಾ ಮುಂದಿದ್ದ ಕಾಗದ ತಿರುವಿ ಹಾಕಿದಳು. “ಅಧ್ಯಕ್ಷರು… ಹನ್ನೆರಡರ ಮೇಲೆ ಇರ್ತಾರೆ.”

“ಹಾಗಾದ್ರೆ ಪೀಸ್ಲಿಯವರು ಊಟಕ್ಕೆ ಹೋಗ್ಬೇಕು ಅಂತ ನಾನು ಸೂಚಿಸ್ತೀನಿ!” ಅಂತ ಜೂನಿಪರ್ ಎದ್ದು ಕೂಗಿದಳು. “ಅನುಮೋದಿಸ್ತೀನಿ!” ಎಂದಳು ಮೆರಿಯಲ್. ಲೊರಿಂಡಾ ಕೇಳುವ ಮೊದಲೇ ನೂರ ಮೂವತ್ತು ಗಂಟಲುಗಳು “ಹೌದು!” ಎಂದವು. ‘ಇಲ್ಲ’ ಎನ್ನುವವರನ್ನು ಕೇಳಿದಾಗ ಯಾರದ್ದೋ ಕುರ್ಚಿ ಮಾತ್ರ ಸದ್ದು ಮಾಡಿತು. ಆಕೆ ಸುತ್ತಿಗೆ ಬಡಿದಳು, ಕಾಗದಗಳನ್ನು ತಲೆಕೆಳಗಾಗಿ ಜೋಡಿಸಿಕೊಂಡಳು, ಬಾಗಿಲು ದಾಟಿ ಗಾಡಿಯಲ್ಲಿ ಕೂತು ಅತ್ತಳು. ಬಹಳ ಹಿತವಾಗಿ ಅತ್ತಳು.

ಶನಿವಾರ ವಿನೋನಾಳ ಫೋನು. “ಏನೇ ಮಾಡಿದ್ದೀಯ ನೀನು! ನಡಾವಳಿ ಬರೀತಾ ಕೂತಿದೀನಿ, ಸಭೆ ಮುಗಿಸೋ ನಿರ್ಣಯವೇ ಇಲ್ಲ! ಯಾರೂ ಸೂಚಿಸಿಲ್ಲ, ನೀನೂ ಕೇಳಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ತಪ್ಪು, ಅದೂ ಕೊನೇ ಸಭೇಲಿ. ಕಾನೂನು ಪ್ರಕಾರ ನಾವೆಲ್ಲ ಇನ್ನೂ ಅಲ್ಲೇ ಕೂತಿದೀವಿ ಕಣೇ!”

“ಹಾಗೇ ಬರಿ,” ಅಂದಳು ಲೊರಿಂಡಾ. “ಆದದ್ದನ್ನೇ ಬರೀಬೇಕು.” ಕೈಯಲ್ಲಿ ಕುಂಬಳಕಾಯಿ ಪೈಯ ಹಿಟ್ಟು ಮೆತ್ತಿಕೊಂಡಿತ್ತು. ವಿನೋನಾ ಈ ಸುದ್ದಿಯನ್ನು ಒಬ್ಬಳೇ ಇಟ್ಟುಕೊಳ್ಳುವವಳಲ್ಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಭಾನುವಾರ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗಲೇ ಓರಿನ್ ಬಂದ. ಹೊಸ ಪಾಕದ ಡಬ್ಬಿ ಒಂದು ಕೈಯಲ್ಲಿ, ಟೋಪಿ ಇನ್ನೊಂದರಲ್ಲಿ. ಮೆಟ್ಟಿಲ ಮೇಲೆ ನಿಂತವನು ಒಳಗೆ ಬರಲಿಲ್ಲ.

“ಅಧ್ಯಕ್ಷರೇ,” ಅಂದ, “ಸಭೆ ಇನ್ನೂ ಮುಗಿದಿಲ್ಲ ಅಂತ ಕೇಳ್ದೆ.”

“ಮುಗಿದಿಲ್ಲ,” ಅಂದಳು ಲೊರಿಂಡಾ. “ಮೊದಲು ಅಧ್ಯಕ್ಷರದೇ ಒಂದಿದೆ. ಅಮ್ಮನ ವಿಷಯ ಅವತ್ತು ಬರೆದ ಮಾತನ್ನ ಅಧ್ಯಕ್ಷರು ಹಿಂದಕ್ಕೆ ತಗೊಳ್ತಾರೆ. ಅದು ಸುಳ್ಳು ಮಾತು. ಬರೆಯುವಾಗಲೇ ಗೊತ್ತಿತ್ತು.”

ಓರಿನ್ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ. ಅವನೂ ಬರೆದದ್ದಿತ್ತಲ್ಲ, ಅದನ್ನು ಹೇಳಲು ಬಾಯಿ ತೆರೆದ. “ಅಧ್ಯಕ್ಷ…” ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿ, ಮೂಗು ಒರೆಸಿಕೊಂಡ.

“ನಂದೂ ತಪ್ಪೇ,” ಅಂದ. “ಪೈ ಇದೆಯೇನೇ, ಅಕ್ಕಾ?”